ಶೆಡ್ಡಿಗೆಲ್ಲ ಅಪ್ಪಾ

ನಾನು ಚಿಕ್ಕವಳಿದ್ದಾಗ ಮುಂಬಯಿ ಹತ್ತಿರದ ಕಲ್ಯಾಣದ ರೈಲ್ವೆ ಡೀಸೆಲ್ ಶೆಡ್ಡಿನಲ್ಲಿ ಒಂದು ತಮಾಷೆ ನಡೆಯುತ್ತಿತ್ತು. ಮೀಸೆ ನರೆತ ಫಿಟ್ಟರುಗಳಿಂದ ಹಿಡಿದು ಚಹಾ ತರುವವನವರೆಗೆ ಅಲ್ಲಿದ್ದವರೆಲ್ಲ ಒಬ್ಬ ಮನುಷ್ಯನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದರು. ಮನೆಯಲ್ಲಿ ಅಕ್ಕ ಮತ್ತು ನಾನೂ ಅದೇ ಮನುಷ್ಯನನ್ನು ಅಪ್ಪಾ ಎನ್ನುತ್ತಿದ್ದೆವು. ನಗಬೇಡಿ, ಇದರಲ್ಲಿ ಗುಟ್ಟೇನೂ ಇಲ್ಲ. ಅಪ್ಪನ ಹೆಸರಿನ ಬಾಲದಲ್ಲಿ ಒಂದು ‘ಅಪ್ಪ’ ಇತ್ತು. ವಿಜಾಪುರದ ಕಡೆ ಗಂಡಸರ ಹೆಸರುಗಳು ಬಹಳಷ್ಟು ಹಾಗೇ ಇರುತ್ತವೆ. ಶೆಡ್ಡಿನ ಮರಾಠಿ ಮಂದಿಗೆ ಅಷ್ಟುದ್ದದ ಹೆಸರು ಬಾಯಲ್ಲಿ ಹೊರಳಲಿಲ್ಲ. ಹಿರಿಯರನ್ನು ಗೌರವದಿಂದ ಅಪ್ಪಾ ಎನ್ನುವ ರೂಢಿ ಅವರಲ್ಲೂ ಇತ್ತು. ಹಾಗಾಗಿ ಮುಂದಿನದನ್ನು ಬಿಟ್ಟು ಬಾಲವನ್ನಷ್ಟೇ ಇಟ್ಟುಕೊಂಡರು.

ಈಗ ಹೇಳಹೊರಟಿರುವ ಕಥೆಯೆಲ್ಲ ಆ ಎರಡಕ್ಷರದ ಮೇಲೆ ನಿಂತಿದೆ. ಇದನ್ನು ನಾನು ಯಾರಿಗೂ ಹೇಳಿಲ್ಲ. ನಿಮ್ಮ ಅಜ್ಜನಿಗೂ ಹೇಳಿರಲಿಲ್ಲ. ಹೇಳಲು ನಾಚಿಕೆ. ಐವತ್ತು ವರ್ಷ ಕಳೆದರೆ ನಾಚಿಕೆ ತಾನಾಗಿಯೇ ಕರಗೀತು ಅಂದುಕೊಂಡಿದ್ದೆ, ಎಲ್ಲಿ ಕರಗುತ್ತದೆ!

ಅಪ್ಪ ಶೆಡ್ಡಿನಲ್ಲಿ ಫಿಟ್ಟರ್ ಆಗಿದ್ದ. ದೂರದೂರದಿಂದ ಗಾಡಿ ಎಳೆದು ದಣಿದ ಡೀಸೆಲ್ ಎಂಜಿನ್ನುಗಳು ಅಲ್ಲಿಗೆ ರಿಪೇರಿಗೆ ಬರುತ್ತಿದ್ದವು. ಒಂದೊಂದೂ ನಮ್ಮ ಚಾಳಿನ ಸಾಲುಮನೆಗಳ ಅರ್ಧದಷ್ಟು ಉದ್ದ, ಎರಡಾಳೆತ್ತರ. ಅವುಗಳ ಹೊಟ್ಟೆಯಲ್ಲಿ ಹದಿನಾರು ಸಿಲಿಂಡರುಗಳಿರುತ್ತವೆ ಎಂದು ಅಪ್ಪ ಹೇಳುತ್ತಿದ್ದ. ಎಂಜಿನ್ ನಡೆಯುತ್ತಿರುವಾಗ ಉದ್ದನೆಯ ಕಬ್ಬಿಣದ ಸಲಾಕೆಯ ಒಂದು ತುದಿಯನ್ನು ಅದರ ಮೈಗೆ ಒತ್ತಿ, ಇನ್ನೊಂದು ತುದಿಯನ್ನು ಕಿವಿಗೆ ಹಚ್ಚಿಕೊಂಡು ಕಣ್ಣು ಮುಚ್ಚಿ ನಿಲ್ಲುತ್ತಿದ್ದನಂತೆ. ಹದಿನಾರರಲ್ಲಿ ಯಾವುದು ಕುಂಟುತ್ತಿದೆ ಎಂದು ಹೇಳಿಬಿಡುತ್ತಿದ್ದನಂತೆ. ಸಾಹೇಬರು ಮೀಟರು ಹಚ್ಚಿ ನೋಡಿದರೆ ಅದೇ ನಿಜವಾಗಿರುತ್ತಿತ್ತು. ಸಲಾಕೆಯ ಈ ಕಥೆ ಅಪ್ಪ ಹೇಳಿದ್ದಲ್ಲ, ಚಾಳಿನ ಗಂಡಸರು ಹೇಳುತ್ತಿದ್ದರು.

ನಾವಿದ್ದದ್ದು ಶೆಡ್ಡಿನ ಹಿಂದಿನ ರೈಲ್ವೆ ಚಾಳಿನಲ್ಲಿ, ಒಂದು ಕೋಣೆ, ಒಂದು ಅಡುಗೆಮನೆ. ಅಪ್ಪ ಕೆಲಸದಿಂದ ಬಂದ ಕೂಡಲೇ ಹೊರಗಿನ ನಲ್ಲಿಯ ಹತ್ತಿರ ಕೂತು ಕೈ ತೊಳೆಯುತ್ತಿದ್ದ. ಮೊದಲು ಕಟ್ಟಿಗೆಯ ಪುಡಿ, ಆಮೇಲೆ ಸೋಡಾ, ಆಮೇಲೆ ಕೆಂಪು ಸಾಬೂನು. ಕಾಲು ಗಂಟೆ ತಿಕ್ಕಿದರೂ ಉಗುರಿನ ಸುತ್ತ ಕರಿ ಗೆರೆ ಹೋಗುತ್ತಿರಲಿಲ್ಲ, ಡೀಸೆಲಿನ ವಾಸನೆಯಂತೂ ಹೋಗುತ್ತಲೇ ಇರಲಿಲ್ಲ. ಅವ್ವ ಬಡಿದು ಹಾಕಿದ ಬಿಸಿ ಜೋಳದ ರೊಟ್ಟಿಯನ್ನು ಅಪ್ಪ ಮುರಿದು ಕೊಟ್ಟರೆ ರೊಟ್ಟಿಗೂ ಆ ವಾಸನೆ ಹತ್ತುತ್ತಿತ್ತು. ಸಣ್ಣವಳಿದ್ದಾಗ ನನಗೆ ಅದು ರೊಟ್ಟಿಯದೇ ವಾಸನೆ ಅನ್ನಿಸಿತ್ತು.

ಐದನೆಯ ತರಗತಿಗೆ ನನ್ನನ್ನು ಇಂಗ್ಲಿಷ್ ಶಾಲೆಗೆ ಹಾಕಿದರು. ಅಲ್ಲಿಂದ ಶುರುವಾಯಿತು ನೋಡಿ ನನ್ನ ಶನಿಕಾಟ. ನನ್ನ ಬೆಂಚಿನಲ್ಲಿ ಕೂರುತ್ತಿದ್ದವಳು ಶೆಡ್ಡಿನ ದೊಡ್ಡ ಸಾಹೇಬರ ಮಗಳು. ಸಾಹೇಬರು ಬದಲಿಯಾಗಿ ಬಂದು ಮೂರು ತಿಂಗಳಾಗಿತ್ತಷ್ಟೇ. ಹುಡುಗಿ ಒಳ್ಳೆಯವಳು, ಬ್ರೆಡ್ಡು ಜ್ಯಾಮು ತಂದರೆ ಅರ್ಧ ನನಗೆ ಕೊಡುತ್ತಿದ್ದಳು. ಒಂದು ದಿನ ನನ್ನ ನೋಟ್‌ಬುಕ್ಕನ್ನು ಮೂಗಿಗೆ ಹಿಡಿದು, ‘ಇದಕ್ಕೆ ಎಂಥ ವಾಸನೆಯೇ!’ ಎಂದು ಮರಾಠಿಯಲ್ಲಿ ಕೇಳಿದಳು. ಹಿಂದಿನ ದಿನ ಅಪ್ಪ ನನ್ನ ಪುಸ್ತಕಗಳಿಗೆಲ್ಲ ಖಾಕಿ ಕಾಗದದ ರಟ್ಟು ಹಾಕಿಕೊಟ್ಟಿದ್ದ. ‘ನಮ್ಮ ಸ್ಟೋವ್ ಸೋರುತ್ತೆ’ ಎಂದೆ. ಅದು ಮೊದಲನೆಯ ಸುಳ್ಳು.

ಇನ್ನೊಂದು ದಿನ ಅವಳು ನಿನ್ನ ಅಪ್ಪ ಏನು ಮಾಡುತ್ತಾರೆ ಎಂದು ಕೇಳಿದಳು. ‘ರೈಲ್ವೆ’ ಎಂದೆ. ‘ನಮ್ಮಪ್ಪನ ಹಾಗೇ! ಯಾವ ಆಫೀಸು?’ ಎಂದಳು. ನಾನು ಕೈಯನ್ನು ಮುಂಬಯಿಯ ಕಡೆಗೆ ಬೀಸಿದೆ. ಬಾಯಿಂದ ಸುಳ್ಳು ಹೇಳಲಿಲ್ಲ, ಕೈಯಿಂದ ಹೇಳಿದೆ. ಅಂಥ ಚಾಲಾಕಿ ನಾನು. ಅವತ್ತಿನಿಂದ ಅವಳ ಲೆಕ್ಕದಲ್ಲಿ ನನ್ನ ತಂದೆಯವರು ಮುಂಬಯಿಯಲ್ಲಿ ಫ್ಯಾನಿನ ಕೆಳಗೆ ಕೂತು ಸಹಿ ಹಾಕುವವರಾದರು. ನಾನೂ ಅದನ್ನು ತಿದ್ದಲು ಹೋಗಲಿಲ್ಲ.

ಆ ವರ್ಷ ಶೆಡ್ಡಿನಲ್ಲಿ ಒಂದು ದೊಡ್ಡ ಕೆಲಸ ನಡೆದಿತ್ತು. ಹಿಂಭಾಗದ ಹಳಿಯ ಮೇಲೆ ಒಂದು ಹಳೆಯ ಎಂಜಿನ್ ಎರಡು ಮಳೆಗಾಲ ಹಾಗೇ ನಿಂತಿತ್ತು. ಬೇರೆ ಎಂಜಿನ್ನಿಗೆ ಸಾಮಾನು ಬೇಕಾದಾಗಲೆಲ್ಲ ಅದರಿಂದ ಬಿಚ್ಚಿ ಬಿಚ್ಚಿ ಒಯ್ದು, ಕೊನೆಗೆ ಒಳಗೆ ಪಾರಿವಾಳಗಳು ಗೂಡು ಕಟ್ಟಿದ್ದವು. ಗುಜರಿಗೆ ಹೋಗಬೇಕಾದದ್ದು. ಅಪ್ಪ ಅದನ್ನು ಮುದುಕಿ ಎನ್ನುತ್ತಿದ್ದ. ‘ಮುದುಕಿಗಿ ಇನ್ನೂ ದಮ್ಮು ಅದ. ಎಬ್ಬಸ್ತೀನಿ ನೋಡ್ರಿ’ ಎಂದು ಹಳೆಯ ಸಾಹೇಬರ ಹತ್ತಿರ ಹಟ ಹಿಡಿದು ಒಪ್ಪಿಗೆ ತಗೊಂಡಿದ್ದ. ಮಂದಿಯೆಲ್ಲ ನಕ್ಕಿದ್ದರು. ಅಪ್ಪ ಮತ್ತು ಇನ್ನು ನಾಲ್ಕೈದು ಜನ ಸೇರಿ ಒಂಬತ್ತು ತಿಂಗಳು ದುಡಿದರು. ಅಪ್ಪ ಊಟಕ್ಕೆ ಕೂತಾಗಲೂ ಮುದುಕಿಯದೇ ಮಾತು, ಇವತ್ತು ಉಸಿರಾಡಿದಳು, ಇವತ್ತು ಕೆಮ್ಮಿದಳು ಎಂದು. ಅವ್ವ ಸಿಟ್ಟಿಗೆದ್ದು, ‘ಅಕೀನ್ನ ಮನಿಗಿ ಕರಕೊಂಡು ಬಂದುಬಿಡ್ರಿ, ನಾ ಹೊರಗ ಹೋಗ್ತೀನಿ’ ಎನ್ನುತ್ತಿದ್ದಳು.

ದಸರೆಯ ದಿನ ಶೆಡ್ಡಿನಲ್ಲಿ ಪೂಜೆ. ನಟ್ಟು ಬಿಗಿಯುವ ಪಾನಾ, ಸುತ್ತಿಗೆ, ಸಲಾಕೆ ಎಲ್ಲವನ್ನೂ ಬೆಳಗ್ಗೆ ತೊಳೆದು, ಕೆಂಪು ಬಟ್ಟೆಯ ಮೇಲೆ ಸಾಲಾಗಿ ಇಟ್ಟು, ಕುಂಕುಮ ಹಚ್ಚುತ್ತಿದ್ದರು. ಪೂಜೆಗೆ ಇಟ್ಟ ಹತ್ಯಾರನ್ನು ಆ ದಿನ ಮುಟ್ಟುವಂತಿಲ್ಲ. ಹೆಂಡತಿ ಮಕ್ಕಳನ್ನು ಕರೆತರಲು ಆ ಒಂದು ದಿನ ಮಾತ್ರ ಪರವಾನಿಗೆ ಇತ್ತು. ವರ್ಷದಲ್ಲಿ ಯಾರ ಕೈಯಿಂದ ಎಲ್ಲಕ್ಕಿಂತ ದೊಡ್ಡ ಕೆಲಸ ಆಗಿರುತ್ತದೋ ಅವರ ಎಂಜಿನ್ನಿಗೆ ಹೂವಿನ ಹಾರ ಬೀಳುತ್ತಿತ್ತು, ಅವರ ಮಗ ಮೇಲೆ ಹತ್ತಿ ಹಾರ್ನ್ ಹೊಡೆಯುತ್ತಿದ್ದ. ಆ ಹಾರ್ನ್ ಕೇಳಿದ ಮೇಲೆಯೇ ಪೇಢೆ ಹಂಚುತ್ತಿದ್ದರು.

ಆ ವರ್ಷ ಮುದುಕಿಯೇ ಎಂದು ಎಲ್ಲರಿಗೂ ಗೊತ್ತಿತ್ತು. ತೊಡಕು ಒಂದೇ, ಅಪ್ಪನಿಗೆ ಗಂಡುಮಗನಿಲ್ಲ. ‘ನಿನ್ನ ಭಾವನ ಮಗನನ್ನು ಕರೆದುಕೊಂಡು ಬಾ’ ಎಂದರಂತೆ ಕೆಲವರು. ಅಪ್ಪ ನೇರವಾಗಿ ಹೊಸ ಸಾಹೇಬರ ಮುಂದೆ ಹೋಗಿ ನಿಂತ. ಅಲ್ಲಿ ಮರಾಠಿಯಲ್ಲಿ ಏನೆಂದನೋ, ಮನೆಗೆ ಬಂದು ನಮಗೆ ಹೇಳಿದ್ದು ಹೀಗೆ: ‘ಹಾರ್ನಿಗಿ ಏನ್ ಗೊತ್ತಾಗ್ತದರೀ ಸಾಹೇಬ್ರ, ಎಳೆಯೋ ಕೈ ಹುಡುಗಂದೋ ಹುಡುಗೀದೋ ಅಂತ? ನನ್ನ ಸಣ್ಣ ಮಗಳು ಹೊಡೀತಾಳ, ಅಂದೆ. ಸಾಹೇಬ್ರು ನಕ್ಕು ಹೂಂ ಅಂದ್ರು.’ ಆಮೇಲೆ ನನ್ನ ತಲೆಯ ಮೇಲೆ ಕೈ ಇಟ್ಟು, ‘ನೀನ ಹೊಡೀಬೇಕವ್ವಾ. ಇಡೀ ಕಲ್ಯಾಣಕ್ಕ ಕೇಳಸ್ಬೇಕು. ಅಂಜಬ್ಯಾಡ ಮತ್ತ’ ಎಂದ. ನಾನು ಅವತ್ತು ರಾತ್ರಿಯವರೆಗೂ ಚಾಳಿನ ಉದ್ದಕ್ಕೂ ಪೋಂ ಪೋಂ ಎಂದು ಓಡಾಡಿದೆ. ನಿಜವಾಗಿಯೂ ಖುಷಿಯಾಗಿತ್ತು. ಗೆಳತಿ ದಸರೆಗೆ ಪುಣೆಯ ಅಜ್ಜಿಯ ಮನೆಗೆ ಹೋಗುವವಳೆಂದು ಮೊದಲೇ ಕೇಳಿ ತಿಳಿದುಕೊಂಡಿದ್ದೆ, ಆ ಧೈರ್ಯದಲ್ಲೇ ಖುಷಿಪಟ್ಟೆ ಎಂಬುದನ್ನೂ ಹೇಳಿಬಿಡುತ್ತೇನೆ.

ದಸರೆಯ ಬೆಳಗ್ಗೆ ಅಪ್ಪ ಬೇಗ ಹೋಗಿಬಿಟ್ಟ. ಹೋಗುವಾಗ ಹೊಸ ಬಿಳಿ ಅಂಗಿ ತೊಟ್ಟಿದ್ದ. ಅಕ್ಕ ಹಿತ್ತಾಳೆ ಚೊಂಬಿಗೆ ಕೆಂಡ ಹಾಕಿ, ಅದನ್ನೇ ಉಜ್ಜಿ ಉಜ್ಜಿ ಇಸ್ತ್ರಿ ಮಾಡಿದ್ದ ಅಂಗಿ. ಅವ್ವನಿಗೆ ಹೋಳಿಗೆಯ ಕೆಲಸ, ಅಕ್ಕ ಅವಳಿಗೆ ಕೈ ನೆರವು. ಅದಕ್ಕೇ ಅವರಿಬ್ಬರೂ ಬರಲಿಲ್ಲ. ಹತ್ತು ಗಂಟೆಗೆ ಪಕ್ಕದ ಮನೆಯ ಮೌಶಿಯ ಜೊತೆ ನನ್ನನ್ನು ಕಳಿಸಿದರು. ನಾನು ಹಳದಿ ಫ್ರಾಕು ಹಾಕಿಕೊಂಡು, ಎರಡು ಜಡೆಗೆ ರಿಬ್ಬನ್ ಕಟ್ಟಿಕೊಂಡಿದ್ದೆ.

ಶೆಡ್ಡಿನೊಳಗೆ ಕಾಲಿಟ್ಟಾಗ ಕಂಡದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಆನೆ ಹೊಗಬಹುದಾದಷ್ಟು ಎತ್ತರದ ಬಾಗಿಲು, ತಗಡಿನ ಮಾಡಿನ ಸಂದಿಯಿಂದ ಇಳಿಯುವ ಬಿಸಿಲು, ಆ ಬಿಸಿಲಿನಲ್ಲಿ ಊದುಬತ್ತಿಯ ಹೊಗೆ. ಡೀಸೆಲು, ಗ್ರೀಸು, ಚೆಂಡುಹೂವು, ಕೊಬ್ಬರಿ ಎಲ್ಲ ಸೇರಿ ಒಂದು ವಾಸನೆ. ಹಳಿಗಳ ನಡುವೆ ಆಳವಾದ ಗುಂಡಿಗಳು. ಅವುಗಳಲ್ಲಿ ಇಳಿದರೆ ಎಂಜಿನ್ನಿನ ಹೊಟ್ಟೆಯ ಕೆಳಗೆ ನಿಂತು ಕೆಲಸ ಮಾಡಬಹುದು. ಮುದುಕಿ ಮಧ್ಯದ ಹಳಿಯ ಮೇಲೆ ನಿಂತಿದ್ದಳು. ಮೈಗೆಲ್ಲ ಹೊಸ ಬಣ್ಣ, ಮೂಗಿನ ಮೇಲೆ ಹಾರ, ಎರಡೂ ಕಡೆ ಬಾಳೆಕಂದು. ಗುಡುಗುಡು ಎಂದು ನಡೆಯುತ್ತಿದ್ದಳು. ಆ ಸದ್ದು ಕಿವಿಗಿಂತ ಮೊದಲು ಅಂಗಾಲಿಗೆ ತಿಳಿಯುತ್ತಿತ್ತು.

ಅಷ್ಟರಲ್ಲಿ ಹಿಂದಿನಿಂದ ಯಾರೋ ನನ್ನ ಜಡೆ ಎಳೆದರು. ತಿರುಗಿದರೆ ಗೆಳತಿ! ಪುಣೆಯ ಅಜ್ಜಿಯೇ ಕಲ್ಯಾಣಕ್ಕೆ ಬಂದಿದ್ದರಂತೆ. ‘ನೀನು ಇಲ್ಲಿ ಹೇಗೆ?’ ಎಂದಳು. ‘ಮೌಶಿಯ ಜೊತೆ ನೋಡಲು ಬಂದೆ’ ಎಂದೆ. ಅದೂ ನಿಜವೇ. ಮೌಶಿ ಹೆಂಗಸರ ಕಡೆ ಹೋಗಿ ಕೂತಿದ್ದಳು. ಗೆಳತಿ ನನ್ನ ಕೈ ಹಿಡಿದು ಮುದುಕಿಯ ಹತ್ತಿರ, ಎಲ್ಲರಿಗಿಂತ ಮುಂದೆ ಕರೆದುಕೊಂಡು ಹೋದಳು. ನಾನು ಹಿಂದೆ ಸರಿಯಲು ನೋಡಿದೆ, ಅವಳು ಕೈ ಬಿಡಲಿಲ್ಲ. ಆದರೂ ಒಂದು ಆಸೆ ಇಟ್ಟುಕೊಂಡೆ. ಅಪ್ಪ ಇವತ್ತು ಬಿಳಿ ಅಂಗಿಯಲ್ಲಿದ್ದಾನೆ. ಬಿಳಿ ಅಂಗಿಯಲ್ಲಿದ್ದರೆ ಯಾರು ಸಾಹೇಬ, ಯಾರು ಫಿಟ್ಟರ್, ಹೇಗೆ ಗೊತ್ತಾಗುತ್ತದೆ?

ನನಗೆ ಗೊತ್ತಿರದ ಸಂಗತಿ ಏನೆಂದರೆ, ಅರ್ಧ ಗಂಟೆಯ ಹಿಂದೆ ಮುದುಕಿಯ ಕೆಳಗಿನ ಒಂದು ಪೈಪಿನಿಂದ ಎಣ್ಣೆ ಸೋರತೊಡಗಿತ್ತು. ಹತ್ಯಾರುಗಳೆಲ್ಲ ಪೂಜೆಯಲ್ಲಿ. ಮುಟ್ಟಲು ಯಾರಿಗೂ ಮನಸ್ಸಿಲ್ಲ. ಎಂಜಿನ್ ಬಂದ್ ಮಾಡಿಬಿಡೋಣ, ಹಾರ್ನ್ ಮುಂದಿನ ವರ್ಷವಾಯಿತು ಎಂದರಂತೆ. ಅಪ್ಪ ಪಾನಾದ ಮುಂದೆ ಮಂಡಿಯೂರಿ, ಹಣೆ ನೆಲಕ್ಕೆ ಹಚ್ಚಿ, ‘ತಪ್ಪಾತವ್ವಾ, ಮಗಳ ಸಲುವಾಗಿ’ ಎಂದು ಅದನ್ನು ಎತ್ತಿಕೊಂಡು, ಹೊಸ ಅಂಗಿಯಲ್ಲೇ ಗುಂಡಿಗೆ ಇಳಿದಿದ್ದ. ಇದೆಲ್ಲ ನನಗೆ ತಿಳಿದದ್ದು ಬಹಳ ವರ್ಷಗಳ ನಂತರ, ಮೌಶಿಯ ಬಾಯಿಂದ.

ನಾನು ಕಂಡದ್ದು ಇಷ್ಟೇ. ನಮ್ಮ ಕಾಲಿನ ಮುಂದೆಯೇ ಗುಂಡಿಯ ಮೆಟ್ಟಿಲಿನಿಂದ ಒಂದು ತಲೆ ಮೇಲೆ ಬಂತು. ಕೂದಲಿನಿಂದ ಎಣ್ಣೆ ಇಳಿಯುತ್ತಿತ್ತು. ಮುಖ ಕಪ್ಪು, ಹಲ್ಲು ಮಾತ್ರ ಬಿಳಿ. ಅಂಗಿಯಲ್ಲಿ ಕಾಲರಿನ ಒಂದು ತುಣುಕು ಬಿಟ್ಟರೆ ಬಿಳಿ ಉಳಿದಿರಲಿಲ್ಲ, ಎದೆಯ ಮೇಲೆ ಪಾನಾದ ಕುಂಕುಮ ಮೆತ್ತಿತ್ತು. ಅಪ್ಪ ನನ್ನನ್ನು ಕಂಡು ಬಾಯಿ ತುಂಬ ನಕ್ಕ. ಪಾನಾ ಹಿಡಿದ ಕೈ ಎತ್ತಿ, ‘ಬಾರವ್ವಾ! ಆತು, ಎಲ್ಲಾ ಸರಿ ಆತು!’ ಎಂದ.

ಗೆಳತಿ ಎರಡು ಹೆಜ್ಜೆ ಹಿಂದೆ ಸರಿದಳು. ‘ಈ! ಹಾ ಕೋಣ ಗ? ತುಝ್ಯಾಕಡೆ ಬಘೂನ್ ಹಸತೋಯ್’ ಎಂದಳು. ಯಾರೇ ಇವನು, ನಿನ್ನನ್ನೇ ನೋಡಿ ನಗುತ್ತಿದ್ದಾನಲ್ಲ, ಎಂದು.

‘ತೇ ಅಪ್ಪಾ’ ಎಂದೆ. ಅವರು ಅಪ್ಪಾ.

ಅಲ್ಲಿಗೆ ನಿಲ್ಲಿಸಿದ್ದರೂ ಸಾಕಿತ್ತು, ನಾನು ಬದುಕಿಕೊಳ್ಳುತ್ತಿದ್ದೆ. ಗೆಳತಿ ಹುಬ್ಬು ಏರಿಸಿ ನನ್ನ ಮುಖ ನೋಡಿದಳು. ‘ಮಾಝೇ’ ಎಂಬ ಒಂದು ಮಾತು, ನನ್ನವರು ಎಂಬ ಒಂದು ಮಾತು, ನನ್ನ ನಾಲಿಗೆಯ ತುದಿಯಲ್ಲಿತ್ತು. ಅದನ್ನು ನುಂಗಿದೆ. ನುಂಗಿ, ‘ಸಗಳೇ ತ್ಯಾಂನಾ ಅಪ್ಪಾಚ್ ಮ್ಹಣತಾತ್’ ಎಂದೆ. ಎಲ್ಲರೂ ಅವರನ್ನು ಅಪ್ಪಾ ಅಂತಲೇ ಕರೆಯುತ್ತಾರೆ. ‘ನಿನ್ನನ್ನು ಕರೀತಿದ್ದಾನಲ್ಲ?’ ಎಂದಳು. ‘ಅವರು ಎಲ್ಲ ಮಕ್ಕಳನ್ನೂ ಹಾಗೇ ಕರೀತಾರೆ’ ಎಂದೆ. ನೋಡಿ ಮಕ್ಕಳೇ, ಎಷ್ಟು ಸಲೀಸಾಗಿ ಹೇಳಿದೆ! ಪಾಠ ಒಪ್ಪಿಸಿದ ಹಾಗೆ.

ಅಪ್ಪನಿಗೆ ಮರಾಠಿ ನನಗಿಂತ ಚೆನ್ನಾಗಿ ಬರುತ್ತಿತ್ತು. ನಮ್ಮ ನಡುವೆ ಮೂರು ಮಾರು ದೂರವೂ ಇರಲಿಲ್ಲ. ಎಂಜಿನ್ನಿನ ಸದ್ದಿನಲ್ಲಿ ಕೇಳಿಸಿರಲಾರದು ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಹದಿನಾರು ಸಿಲಿಂಡರುಗಳಲ್ಲಿ ಕುಂಟುವ ಒಂದನ್ನು ಹೆಕ್ಕುವ ಕಿವಿ ಅದು. ಎತ್ತಿದ್ದ ಕೈ ಮೆಲ್ಲಗೆ ಕೆಳಗಿಳಿಯಿತು. ಅಪ್ಪ ಒಮ್ಮೆ ನನ್ನ ಫ್ರಾಕನ್ನು ನೋಡಿದ, ಒಮ್ಮೆ ಗೆಳತಿಯ ಬೂಟುಗಳನ್ನು ನೋಡಿದ, ಆಮೇಲೆ ತನ್ನ ಅಂಗಿಯನ್ನು ನೋಡಿಕೊಂಡ. ನಗು ಹೋಗಿರಲಿಲ್ಲ, ಆದರೆ ಅದು ಬೇರೆ ನಗುವಾಗಿತ್ತು. ಕೈಯಲ್ಲಿದ್ದ ನೂಲಿನ ಮುದ್ದೆಯಿಂದ ಬೆರಳುಗಳನ್ನು ಒರೆಸಿಕೊಳ್ಳುತ್ತ ಆ ಕಡೆ ಸರಿದು ನಿಂತ.

ಸಾಹೇಬರು ತೆಂಗಿನಕಾಯಿ ಒಡೆದರು. ಎಲ್ಲರೂ ಕೈ ಮುಗಿದರು. ಆಮೇಲೆ ಸಾಹೇಬರು ದೊಡ್ಡ ದನಿಯಲ್ಲಿ, ಈ ಸಲ ಹಾರ್ನ್ ಹೊಡೆಯುವವಳು ಅಪ್ಪಾನ ಮಗಳು, ಶೆಡ್ಡಿನಲ್ಲಿ ಇದೇ ಮೊದಲು ಒಬ್ಬ ಹುಡುಗಿ, ಎಂದು ಹೇಳಿ, ‘ಅಪ್ಪಾಂಚೀ ಮುಲಗೀ ಕುಠೇ ಆಹೇ?’, ಎಲ್ಲಿ ಆ ಮಗಳು, ಎಂದು ಸುತ್ತ ನೋಡಿದರು. ಮಂದಿಯೆಲ್ಲ ಚಪ್ಪಾಳೆ ತಟ್ಟಿದರು. ಗೆಳತಿಯೂ ತಟ್ಟಿದಳು, ತಟ್ಟುತ್ತ ಯಾರವಳು ಎಂದು ಕತ್ತು ಉದ್ದ ಮಾಡಿ ಹುಡುಕಿದಳು. ನಾನು ಅವಳ ಬೆನ್ನ ಹಿಂದೆ ಸರಿದೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಈಗ ಅಪ್ಪ ನನ್ನ ಕಡೆ ಬೆರಳು ತೋರಿಸಿದರೆ ನನ್ನ ಕಥೆ ಮುಗಿಯಿತು ಎಂದುಕೊಂಡೆ.

ಅಪ್ಪ ಬೆರಳು ತೋರಿಸಲಿಲ್ಲ. ಮುಂದೆ ಬಂದು, ‘ಸಾಹೇಬ್, ಮುಲಗೀ ಆಲೀ ನಾಹೀ. ತಾಪ್ ಆಹೇ ತಿಲಾ’ ಎಂದ. ಮಗಳು ಬಂದಿಲ್ಲ, ಅವಳಿಗೆ ಜ್ವರ.

ಒಂಬತ್ತು ತಿಂಗಳು ದುಡಿದವನು. ಮುಟ್ಟಬಾರದ ಪಾನಾ ಮುಟ್ಟಿದವನು. ಅವನ ಬಾಯಿಂದ ಸುಳ್ಳು ಬಂದದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಚಾಳಿನ ಗಂಡಸರಲ್ಲಿ ಇಬ್ಬರು ಮೂವರಿಗೆ ನನ್ನ ಗುರುತು ಇತ್ತು. ಒಬ್ಬ ನನ್ನನ್ನು ನೋಡಿ ಬಾಯಿ ತೆರೆದ. ಅಪ್ಪ ಅವನತ್ತ ಒಂದು ನೋಟ ಹರಿಸಿದ, ಅವನು ಬಾಯಿ ಮುಚ್ಚಿದ. ಸಾಹೇಬರು ‘ಅಯ್ಯೋ ಪಾಪ, ಹಾಗಾದರೆ ಯಾರು?’ ಎಂದರು. ‘ತಾಈಂಚ್ಯಾ ಹಾತಾನೇ ಹೋಊ ದ್ಯಾ’ ಎಂದ ಅಪ್ಪ, ಗೆಳತಿಯ ಕಡೆ ಕೈ ಮಾಡಿ. ತಾಈಯ ಕೈಯಿಂದಲೇ ಆಗಲಿ. ಮರಾಠಿಯಲ್ಲಿ ತಾಈ ಎಂದರೆ ಅಕ್ಕ. ಸಾಹೇಬರ ಮನೆಯ ಹುಡುಗಿಯರನ್ನು, ಅವರು ಎಷ್ಟೇ ಸಣ್ಣವರಿರಲಿ, ಕೆಲಸದವರು ಹಾಗೇ ಕರೆಯುತ್ತಿದ್ದರು.

ಇಲ್ಲಿಗೆ ಮುಗಿದಿದ್ದರೂ ಆಗುತ್ತಿತ್ತು. ಆದರೆ ಗೆಳತಿ ಒಳ್ಳೆಯವಳು ಎಂದೆನಲ್ಲ, ‘ನಾನೊಬ್ಬಳೇ ಹೋಗಲ್ಲ, ಇವಳೂ ಬರಲಿ’ ಎಂದು ನನ್ನ ರೆಟ್ಟೆ ಹಿಡಿದು ಎಳೆದಳು. ಎಂಜಿನ್ನಿಗೆ ಹತ್ತಲು ಕಡಿದಾದ ಕಬ್ಬಿಣದ ಏಣಿ. ಅಪ್ಪ ಏಣಿಯ ಬುಡದಲ್ಲಿ ನಿಂತಿದ್ದ. ಯಾರದೋ ಹೊಸ ಟವೆಲ್ ಇಸಕೊಂಡು ಎರಡೂ ಅಂಗೈಗೆ ಸುತ್ತಿಕೊಂಡಿದ್ದ, ನಮ್ಮ ಬಟ್ಟೆಗೆ ಎಣ್ಣೆ ಹತ್ತದಿರಲೆಂದು. ಮೊದಲು ಗೆಳತಿಯನ್ನು ಎತ್ತಿ ಹತ್ತಿಸಿದ. ಆಮೇಲೆ ನನ್ನ ಸರದಿ. ನಾನು ತಲೆ ತಗ್ಗಿಸಿ ನಿಂತೆ. ಟವೆಲಿನ ಕೈಗಳು ನನ್ನ ಕಂಕುಳಿಗೆ ಬಂದವು.

‘ಜಪೂನ್ ಹಂ, ತಾಈ. ತುಮ್ಹೀ ಪಣ ಯಾ’ ಎಂದ.

ಜೋಪಾನ, ಅಕ್ಕಾವರೇ. ನೀವೂ ಬನ್ನಿ. ನನಗೆ ಹೇಳಿದ್ದು ಅದು! ಅವ್ವಿ, ಬಾರವ್ವಾ, ನನ ಕೂಸ ಎನ್ನುತ್ತಿದ್ದ ಬಾಯಿಂದ, ನನಗೆ, ‘ನೀವು’. ನಾನು ಕೇಳಿಕೊಂಡದ್ದು ಅದನ್ನೇ ಅಲ್ಲವೇ? ಅವನು ಯಾರೋ ಆಗಬೇಕೆಂದು ಬಯಸಿದೆ, ಅಪ್ಪ ಮರುಮಾತಿಲ್ಲದೆ ಯಾರೋ ಆಗಿ ನಿಂತ. ನನ್ನ ಮುಖ ಅವನ ಮುಖದ ಹತ್ತಿರ ಬಂದಾಗ ಆ ಡೀಸೆಲಿನ ವಾಸನೆ ಬಂತು. ರೊಟ್ಟಿಯ ವಾಸನೆ.

ಒಳಗೆ ಡ್ರೈವರ್ ನಿಲ್ಲುವ ಜಾಗ ಇಕ್ಕಟ್ಟು, ಬಿಸಿ, ನಿಂತ ನೆಲವೇ ನಡುಗುತ್ತಿತ್ತು. ಕಿಟಕಿಯ ಗಾಜು ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಹಿಡಿಕೆಗಳ ಹಿತ್ತಾಳೆಯನ್ನು ಯಾರೋ ಹುಣಸೆಹಣ್ಣು ಹಾಕಿ ಬೆಳಗಿದ್ದರು. ಯಾರೋ ಅಲ್ಲ, ಹಿಂದಿನ ದಿನ ಅವ್ವನ ಡಬ್ಬಿಯಿಂದ ಹುಣಸೆಹಣ್ಣು ಒಯ್ದದ್ದು ಅಪ್ಪನೇ. ಹಾರ್ನಿನ ಹಿಡಿಯ ಕೆಳಗೆ ಒಂದು ಮರದ ಪೆಟ್ಟಿಗೆ ಇಟ್ಟಿತ್ತು, ನನ್ನ ಎತ್ತರಕ್ಕೆ ಅಳತೆ ಮಾಡಿ ಮಾಡಿಸಿದ್ದು. ಗೆಳತಿ ನನಗಿಂತ ಉದ್ದ, ಅವಳಿಗೆ ಅದು ಬೇಕಾಗಲಿಲ್ಲ. ಅದನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ, ಹಿಡಿಯನ್ನು ಎಳೆದಳು. ಹಾರ್ನ್ ಕೂಗಿತು. ಶೆಡ್ಡಿನ ತಗಡೆಲ್ಲ ಅದುರಿತು, ಮಾಡಿನ ಪಾರಿವಾಳಗಳು ಒಮ್ಮೆಲೇ ಎದ್ದವು. ‘ನೀನೂ ಹೊಡಿಯೇ!’ ಎಂದಳು ಗೆಳತಿ. ನಾನು ಕೈ ಹಿಂದೆ ಕಟ್ಟಿಕೊಂಡೆ. ಕಿಟಕಿಯಿಂದ ಕೆಳಗೆ ನೋಡಿದರೆ ಅಪ್ಪ ಎಲ್ಲರ ಜೊತೆ ಚಪ್ಪಾಳೆ ತಟ್ಟುತ್ತಿದ್ದ. ಕೈಗೆ ಟವೆಲ್ ಸುತ್ತಿದ್ದರಿಂದ ಸದ್ದು ಬರುತ್ತಿರಲಿಲ್ಲ.

ಮಧ್ಯಾಹ್ನ ಅಪ್ಪ ಮನೆಗೆ ಬರುವ ಮೊದಲೇ ನಾನು ಬಂದು ಮೂಲೆಯಲ್ಲಿ ಮಲಗಿದ್ದೆ. ಅಪ್ಪ ನಲ್ಲಿಯ ಹತ್ತಿರ ಯಾವತ್ತಿಗಿಂತ ಹೆಚ್ಚು ಹೊತ್ತು ಕೂತ. ಅಕ್ಕ ಅಂಗಿ ನೋಡಿ, ‘ಏನ್ ಅಪ್ಪಾ ಇದು! ಒಂದ್ ದಿನಾ ಆದ್ರೂ...’ ಎಂದು ಕೂಗಾಡಿದಳು. ಅದು ಮುಗಿದ ಮೇಲೆ, ‘ಹೋಗ್ಲಿ ಬಿಡು, ಇಕಿ ಹೊಡದ್ಳಾ?’ ಎಂದು ಕೇಳಿದಳು. ನಾನು ಗೋಡೆಯ ಕಡೆ ಹೊರಳಿದೆ.

‘ಹೊಡದ್ಳು’ ಎಂದ ಅಪ್ಪ. ‘ಇಡೀ ಕಲ್ಯಾಣಕ್ಕ ಕೇಳಸ್ಯಾದ.’

‘ನಮಗೂ ಕೇಳಸ್ತು! ಹೂರಣ ರುಬ್ಬಾಕತ್ತಿದ್ದೆ, ಕೈ ನಿಂತು ಬಿಡ್ತು. ನನ್ನ ಮಗಳ ಅಕಿ ಅಂದೆ’ ಎಂದಳು ಅವ್ವ. ಅವಳ ದನಿಯಲ್ಲಿದ್ದ ಹೆಮ್ಮೆ ನನಗೆ ಹೊಡೆತಕ್ಕಿಂತ ಹೆಚ್ಚಾಯಿತು. ಆ ದಿನ ಅಪ್ಪ ಹೇಳಿದ ಎರಡನೆಯ ಸುಳ್ಳು ಅದು. ಎರಡೂ ನನಗಾಗಿ.

ಸಂಜೆ ಬನ್ನಿ ಹಂಚುವ ಹೊತ್ತಾಯಿತು. ನಮ್ಮ ಕಡೆ ದಸರೆಯ ಸಂಜೆ ಬನ್ನಿಯ ಎಲೆ ಕೊಟ್ಟು ಹಿರಿಯರ ಕಾಲು ಮುಟ್ಟುತ್ತೇವೆ, ವರ್ಷದಲ್ಲಿ ಆದ ಸಿಟ್ಟು ಸೆಡವು ಎಲ್ಲ ಮರೆತುಬಿಡಿ ಎಂದು ಕೇಳಿಕೊಳ್ಳುತ್ತೇವೆ. ಕಲ್ಯಾಣದಲ್ಲಿ ಬನ್ನಿ ಎಲ್ಲಿಂದ ಬರಬೇಕು? ಇಲ್ಲಿಯವರು ಸೋನಾ ಎಂದು ಹಂಚುವ ಆಪಟಾ ಎಲೆಯನ್ನೇ ನಾವು ಬನ್ನಿ ಅನ್ನುತ್ತಿದ್ದೆವು. ಅಕ್ಕ ಕೊಟ್ಟಳು, ಆಮೇಲೆ ನಾನು. ಕಾಲು ಮುಟ್ಟಿದೆ. ಎಲೆ ಕೊಡುತ್ತ, ‘ಅಪ್ಪಾ, ತಪ್ಪಾತು’ ಎಂದು ಹೇಳಬೇಕೆಂದು ಮಧ್ಯಾಹ್ನದಿಂದ ಬಾಯಿಪಾಠ ಮಾಡಿಕೊಂಡಿದ್ದೆ. ಅದನ್ನು ಹೇಳಲೆಂದೇ ಇರುವ ದಿನ ಅದು. ಅದರ ಮೊದಲ ಮಾತೇ ‘ಅಪ್ಪಾ’. ಬೆಳಗ್ಗೆ ಆ ಮಾತನ್ನು ನಾನು ಬಳಸಿದ್ದ ರೀತಿಗೆ, ಈಗ ಅದು ನನ್ನ ಬಾಯಿಗೆ ಬರಲು ಒಪ್ಪಲಿಲ್ಲ.

‘ಯಾಕವ್ವಾ, ನಾಲಿಗಿ ಎಲ್ಲಿ ಬಿಟ್ಟು ಬಂದಿ?’ ಎಂದು ಅಪ್ಪ ನಕ್ಕ. ನಿಜವಾದ ನಗು. ನನ್ನ ಕೈಗೆ ಎಲೆ ಇಟ್ಟು, ಬೆರಳು ಮಡಚಿ, ‘ಬನ್ನಿ ತಗೊಂಡು ಬಂಗಾರದಂಗ ಇರೂಣು’ ಎಂದ. ಅಷ್ಟೇ. ಆಮೇಲೆ ಯಾವತ್ತೂ ಅಪ್ಪ ಆ ಮಾತು ಎತ್ತಲಿಲ್ಲ. ಮುಂದಿನ ದಸರೆಗಳಿಗೆ ನನ್ನನ್ನು ಶೆಡ್ಡಿಗೆ ಬಾ ಎಂದು ಕರೆಯಲೂ ಇಲ್ಲ. ನಾನೂ ಪ್ರತಿ ವರ್ಷ ಹೊಟ್ಟೆನೋವು ಅನ್ನುತ್ತಿದ್ದೆ. ಅಪ್ಪ ರಿಟೈರ್ ಆದ, ನನ್ನ ಮದುವೆ ಮಾಡಿದ, ಒಂದು ದಿನ ಹೋಗಿಯೂ ಬಿಟ್ಟ. ತಪ್ಪಾತು ಎಂಬ ಮಾತು ನನ್ನ ಹತ್ತಿರವೇ ಉಳಿಯಿತು.

ಈಗ ನಿಮ್ಮ ಕಾಲ. ನವಿಮುಂಬಯಿಯ ಘಣಸೋಲಿಯಲ್ಲಿ ಹದಿನಾಲ್ಕನೆಯ ಮಾಳಿಗೆಯಲ್ಲಿ ಕೂತು ನಾನು ಕನ್ನಡದಲ್ಲಿ ಮಾತಾಡುತ್ತೇನೆ, ನೀವಿಬ್ಬರೂ ಹಿಂದಿಯಲ್ಲಿ ಉತ್ತರ ಕೊಡುತ್ತೀರಿ. ನಿಮ್ಮ ಲೋಕಲ್ ರೈಲಿಗೆ ಹೊಗೆ ಇಲ್ಲ, ಎಣ್ಣೆಯ ವಾಸನೆ ಇಲ್ಲ. ಮದುವೆ ಮನೆಯ ಜನರೇಟರ್ ಬಿಟ್ಟರೆ ಡೀಸೆಲ್ ಹೇಗೆ ನಾರುತ್ತದೆಂದೂ ನಿಮಗೆ ಗೊತ್ತಿಲ್ಲ. ಹೋದ ತಿಂಗಳು ಕಲ್ಯಾಣಕ್ಕೆ ಹೋಗುವಾಗ ಶೆಡ್ಡಿನ ಕಡೆ ಒಂದು ಹಳೆಯ ಡೀಸೆಲ್ ಎಂಜಿನ್ ಹೊಸ ಬಣ್ಣ ಬಳಿದುಕೊಂಡು ನಿಂತಿತ್ತು. ‘ಅಜ್ಜೀ, ಯೇ ಅಸಲೀ ಹೈ ಕ್ಯಾ?’ ಎಂದು ನಿಮ್ಮಿಬ್ಬರಲ್ಲಿ ಸಣ್ಣವನು ಕೇಳಿದ. ಅದು ಮುದುಕಿಯೋ ಅವಳ ತಂಗಿಯೋ ನನಗೆ ಗೊತ್ತಾಗಲಿಲ್ಲ. ಹೂಂ ಎಂದೆ.

ಈ ಬಿಲ್ಡಿಂಗಿನಲ್ಲಿ ನನಗೂ ಅಪ್ಪನದೇ ಗತಿ. ವಾಚ್‌ಮನ್, ಹಾಲಿನವನು, ಪಕ್ಕದ ಫ್ಲ್ಯಾಟಿನವರು ಎಲ್ಲರಿಗೂ ನಾನು ಆಜಿ, ಮರಾಠಿಯ ಅಜ್ಜಿ. ಕಳೆದ ವಾರ ಗಿರಣಿಯಿಂದ ಜೋಳದ ಹಿಟ್ಟು ಬೀಸಿಸಿಕೊಂಡು ಬಂದೆ. ಚೀಲ ಬಾಯಿ ಬಿಟ್ಟು ಸೀರೆಗೆ, ಕೂದಲಿಗೆ, ಹುಬ್ಬಿಗೆಲ್ಲ ಹಿಟ್ಟು. ಲಿಫ್ಟಿನ ಬಾಗಿಲು ತೆರೆದರೆ ಒಳಗೆ ನೀನು, ಮೊಮ್ಮಗಳೇ, ನಿನ್ನ ಶಾಲೆಯ ಇಬ್ಬರು ಗೆಳತಿಯರ ಜೊತೆ. ನಾನು ಮೂಲೆಗೆ ಸರಿದು, ನಿನಗೆ ಬೆನ್ನು ಹಾಕಿ, ಬದಲಾಗುವ ನಂಬರುಗಳನ್ನು ನೋಡುತ್ತ ನಿಂತೆ. ನೀನು ನನ್ನ ಗುರುತು ಹೇಳಬೇಕಾಗಿಲ್ಲ ಎಂದು ನಿನಗೆ ತಿಳಿಯಲಿ ಎಂದೇ ಹಾಗೆ ನಿಂತೆ. ಅವರಲ್ಲೊಬ್ಬಳು ಪಿಸುಮಾತಿನಲ್ಲಿ, ‘ಯೇ ಆಜಿ ಕೌನ್ ಹೈ?’ ಎಂದಳು.

‘ಮೇರೀ ಅಜ್ಜಿ ಹೈ, ಯಾರ್’ ಎಂದೆ ನೀನು, ಮೊಬೈಲಿನಿಂದ ತಲೆ ಕೂಡ ಎತ್ತದೆ. ಆಮೇಲೆ ನನ್ನ ಕೈಯಿಂದ ಹಿಟ್ಟಿನ ಚೀಲ ಇಸಕೊಂಡೆ. ನಿನ್ನ ನೀಲಿ ಸ್ಕರ್ಟಿನ ಮೇಲೆ ಹಿಟ್ಟು ಬಿತ್ತು, ನೀನು ಅದನ್ನು ಕೊಡವಲೂ ಇಲ್ಲ. ಮನೆಗೆ ಬಂದ ಕೂಡಲೇ ನಾನು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡೆನಲ್ಲ, ನೀನು ಬಾಗಿಲು ಬಡಿದು ಕ್ಯಾ ಹುವಾ ಎಂದಾಗ ಕಣ್ಣಿಗೆ ಹಿಟ್ಟು ಹೋಯಿತು ಎಂದೆ. ಕಣ್ಣಿಗೆ ಹಿಟ್ಟು ಹೋಗಿರಲಿಲ್ಲ ಮಗೂ. ಇಷ್ಟು ಸುಲಭದ ಮಾತಾಗಿತ್ತಲ್ಲ ಎಂದು ಅಳು ಬಂತು.

ಅದಕ್ಕೇ ಇದನ್ನು ನಿಮಗೆ ಹೇಳಿದ್ದು. ಇನ್ನೊಮ್ಮೆ ಕಲ್ಯಾಣಕ್ಕೆ ಹೋದಾಗ ಆ ಎಂಜಿನ್ ಕಂಡರೆ ನನ್ನನ್ನು ಕಿಟಕಿಯ ಹತ್ತಿರ ಕೂರಿಸಿ. ನಿಮ್ಮ ಗೆಳೆಯರಿದ್ದರೂ ಇರಲಿ, ಲೋಕಲ್ಲಿನ ಮಂದಿಯೆಲ್ಲ ತಿರುಗಿ ನೋಡಿದರೂ ನೋಡಲಿ. ಇಂಥ ಒಂದು ಮುದುಕಿಯನ್ನು ಎಬ್ಬಿಸಿದವನು ಒಬ್ಬನಿದ್ದ, ಶೆಡ್ಡಿನವರೆಲ್ಲ ಅವನನ್ನು ಅಪ್ಪಾ ಎನ್ನುತ್ತಿದ್ದರು ಎಂದು ದೊಡ್ಡ ದನಿಯಲ್ಲಿ ಹೇಳುತ್ತೇನೆ. ಯಾರು ಆ ಅಪ್ಪಾ ಎಂದು ನೀವು ಕೇಳಬೇಕು. ತಪ್ಪದೆ ಕೇಳಿ.

ನನ್ನ ಅಪ್ಪ, ಎನ್ನುತ್ತೇನೆ.